ಕಂತಿನಲ್ಲಿ ಕಥೆ ಕಟ್ಟಿದ ಡಿಕನ್ಸ್: ಒಂದು ಬೋಧನಾಭ್ಯಾಸದ ನೆಪದಲ್ಲಿ

ನನ್ನದೊಂದು ತಪ್ಪನ್ನು ಹೇಳಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇನೆ. ತರಬೇತಿ ಮುಗಿಸಿ ಪ್ರೌಢಶಾಲೆಗೆ ಸೇರಿದ ಮೊದಲ ವರ್ಷ. ಎಂಟನೆಯ ತರಗತಿಗೆ ಶನಿವಾರದ ಕೊನೆಯ ಅವಧಿ ನನ್ನದಾಗಿತ್ತು. ಅಲ್ಲಿ ಒಂದು ಕಥೆ ಶುರು ಮಾಡಿದೆ. ದೋಣಿ ನಡೆಸುವ ಹುಡುಗನೊಬ್ಬ ನೆರೆ ಬಂದ ರಾತ್ರಿ ತಂದೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ನಾನು ಒಂದು ಘಟ್ಟದವರೆಗೆ ಹೇಳಿ ನಿಲ್ಲಿಸುತ್ತಿದ್ದೆ. ಹುಡುಗ ಎಡದ ಕವಲಿಗೆ ಹೋಗಬೇಕೋ ಬಲದ ಕವಲಿಗೋ ಎಂದು ಮಕ್ಕಳು ಗುಂಪುಗಳಲ್ಲಿ ಚರ್ಚಿಸಿ, ಕೈಯೆತ್ತಿ ತೀರ್ಮಾನಿಸುತ್ತಿದ್ದರು. ಮುಂದಿನ ವಾರ ಕಥೆ ಅವರು ಹೇಳಿದ ದಾರಿಯಲ್ಲಿ ಸಾಗುತ್ತಿತ್ತು. ಮಾತೇ ಆಡದ ಮಕ್ಕಳು ಮಾತಾಡತೊಡಗಿದರು. ಶನಿವಾರ ಗೈರುಹಾಜರಾಗುವವರು ಕಡಿಮೆಯಾದರು. ಐದು ವಾರ ಹೀಗೆ ನಡೆಯಿತು. ಆರನೆಯ ವಾರಕ್ಕೆ ನನಗೆ ದಾರಿ ತೋಚಲಿಲ್ಲ. ಮಕ್ಕಳ ತೀರ್ಮಾನಗಳೆಲ್ಲ ಸೇರಿ ಕಥೆ ಬಿಡಿಸಲಾಗದ ಗಂಟಾಗಿತ್ತು. ಪರೀಕ್ಷೆ ಹತ್ತಿರ ಬಂತೆಂಬ ನೆಪ ಸಿಕ್ಕಿತು, ನಿಲ್ಲಿಸಿಬಿಟ್ಟೆ. ವರ್ಷದ ಕೊನೆಯ ದಿನ ಒಬ್ಬ ಹುಡುಗಿ ಬಂದು, ಆ ಹುಡುಗನಿಗೆ ಅಪ್ಪ ಸಿಕ್ಕಿದರೇ ಎಂದು ಕೇಳಿದಳು. ಮುಂದಿನ ವರ್ಷ ಹೇಳುತ್ತೇನೆಂದೆ. ಮುಂದಿನ ವರ್ಷ ನನಗೆ ಬೇರೆ ಊರಿಗೆ ವರ್ಗವಾಯಿತು.

ಈ ವರ್ಷದ ಬೋಧನಾಭ್ಯಾಸದಲ್ಲಿ ನನ್ನ ಮೇಲ್ವಿಚಾರಣೆಗೆ ಬಂದ ಪ್ರಶಿಕ್ಷಣಾರ್ಥಿಯೊಬ್ಬರು ಅಂಥದೇ ಪ್ರಯೋಗಕ್ಕೆ ಕೈ ಹಾಕಿದರು. ಏಳನೆಯ ತರಗತಿ, ಎಂಟು ಅವಧಿಗಳ ಕಥೆ, ಪ್ರತಿ ಅವಧಿಯ ಕೊನೆಯಲ್ಲಿ ಮಕ್ಕಳ ತೀರ್ಮಾನ. ನಾಲ್ಕನೆಯ ಅವಧಿ ಮುಗಿಸಿ ಬಂದವರು ಪಾಠಯೋಜನೆಯ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಇದನ್ನು ಕೈಬಿಟ್ಟು ಪಠ್ಯದ ಪದ್ಯವನ್ನೇ ತೆಗೆದುಕೊಳ್ಳುತ್ತೇನೆ ಎಂದರು. ಅವರ ಮುಖದಲ್ಲಿ ನನ್ನ ಆರನೆಯ ವಾರ ಕಾಣಿಸಿತು. ಬೇಡ ಎನ್ನುವ ನೈತಿಕ ಹಕ್ಕು ನನಗಿರಲಿಲ್ಲ. ಅದರ ಬದಲು ಎರಡು ಸಂಜೆ ಕೂತು ಅವರಿಗೆ ಚಾರ್ಲ್ಸ್ ಡಿಕನ್ಸರ ಜೀವನವನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಡಿಕನ್ಸರೇ ಏಕೆ? ಅವರು ತಮ್ಮ ಕಾದಂಬರಿಗಳನ್ನೆಲ್ಲ ಕಂತುಗಳಲ್ಲಿ ಪ್ರಕಟಿಸಿದರು. ಪೂರ್ತಿ ಬರೆದಿಟ್ಟುಕೊಂಡು ತುಂಡು ಮಾಡಿ ಕೊಟ್ಟವರಲ್ಲ. ಮೂರನೆಯ ಕಂತು ಓದುಗರ ಕೈಯಲ್ಲಿರುವಾಗ ಐದನೆಯ ಕಂತು ಇನ್ನೂ ಹುಟ್ಟಿಯೇ ಇರುತ್ತಿರಲಿಲ್ಲ. ಆ ನಡುವೆ ಓದುಗರು ಪತ್ರ ಬರೆಯುತ್ತಿದ್ದರು, ಬೇಡಿಕೊಳ್ಳುತ್ತಿದ್ದರು, ಬೇಸರವಾದರೆ ಕೊಳ್ಳುವುದನ್ನೇ ಬಿಡುತ್ತಿದ್ದರು. ಎದುರಿಗೆ ಕೂತ ತರಗತಿಗೆ ಕಥೆ ಕಟ್ಟುವ ಶಿಕ್ಷಕರ ಕಷ್ಟವನ್ನು ಅವರಷ್ಟು ದೀರ್ಘ ಕಾಲ ಅನುಭವಿಸಿದ ಲೇಖಕರು ವಿರಳ.

ಬಾಲ್ಯ: ಮಾಳಿಗೆಯ ಪುಸ್ತಕಗಳು, ಕಾರ್ಖಾನೆಯ ಚೀಟಿಗಳು

ಡಿಕನ್ಸ್ ಹುಟ್ಟಿದ್ದು 1812ರ ಫೆಬ್ರುವರಿ 7ರಂದು, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ. ತಂದೆ ಜಾನ್ ನೌಕಾಪಡೆಯ ವೇತನ ಕಚೇರಿಯಲ್ಲಿ ಗುಮಾಸ್ತ. ಮಾತಿನಲ್ಲಿ ಧಾರಾಳಿ, ಖರ್ಚಿನಲ್ಲಿ ಇನ್ನೂ ಧಾರಾಳಿ. ಅಕ್ಷರ ಕಲಿಸಿದವರು ತಾಯಿ. ಚ್ಯಾಟಮ್ ಊರಿನ ಮನೆಯ ಮಾಳಿಗೆಯ ಕೋಣೆಯಲ್ಲಿ ತಂದೆಯ ಒಂದಷ್ಟು ಪುಸ್ತಕಗಳಿದ್ದವು: ರಾಬಿನ್ಸನ್ ಕ್ರೂಸೋ, ಡಾನ್ ಕ್ವಿಕ್ಸೋಟ್, ಅರೇಬಿಯನ್ ರಾತ್ರಿಗಳು. ಹುಡುಗ ಅವನ್ನು ಓದಿ ಸುಮ್ಮನಿರುತ್ತಿರಲಿಲ್ಲ. ದಿನಗಟ್ಟಲೆ ಆ ಪಾತ್ರಗಳೇ ತಾನಾಗಿ ನಟಿಸುತ್ತಿದ್ದ. ಕಥೆಯೊಳಗೆ ಹೊಕ್ಕು ಆಡುವುದು ಅವನಿಗೆ ಯಾರೂ ಕಲಿಸದೆ ಬಂದ ವಿದ್ಯೆ. ನಮ್ಮ ತರಗತಿಯ ಮಕ್ಕಳಿಗೂ ಅದು ಹಾಗೆಯೇ ಬಂದಿರುತ್ತದೆ ಎಂಬುದನ್ನು ನಾವು ಪೂರ್ವಜ್ಞಾನದ ಅಂಕಣದಲ್ಲಿ ಬರೆಯಲು ಮರೆಯುತ್ತೇವೆ, ಅಷ್ಟೆ.

ಕುಟುಂಬ ಲಂಡನ್ನಿಗೆ ಬಂದ ಮೇಲೆ ಸಾಲ ಕುತ್ತಿಗೆಗೆ ಬಂತು. 1824ರಲ್ಲಿ, ಹನ್ನೆರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಹುಡುಗನನ್ನು ಬೂಟು ಪಾಲಿಷು ತಯಾರಿಸುವ ಕಾರ್ಖಾನೆಗೆ ಸೇರಿಸಲಾಯಿತು. ಥೇಮ್ಸ್ ನದಿಯ ದಂಡೆಯ ಮುರುಕಲು ಕಟ್ಟಡ. ಇಲಿಗಳ ಕಾಟ. ಡಬ್ಬಿಗಳಿಗೆ ಕಾಗದ ಮುಚ್ಚಿ, ದಾರ ಕಟ್ಟಿ, ಚೀಟಿ ಅಂಟಿಸುವ ಕೆಲಸ. ವಾರಕ್ಕೆ ಆರೋ ಏಳೋ ಶಿಲಿಂಗ್. ಅದೇ ತಿಂಗಳು ತಂದೆಯನ್ನು ಸಾಲಕ್ಕಾಗಿ ಮಾರ್ಷಲ್ಸೀ ಸೆರೆಮನೆಗೆ ಹಾಕಿದರು. ತಾಯಿ ಮತ್ತು ಚಿಕ್ಕ ಮಕ್ಕಳು ಅಲ್ಲೇ ಹೋಗಿ ನೆಲೆಸಿದರು. ಹುಡುಗ ಹೊರಗೆ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಸಿಕ್ಕ ಹಣವನ್ನು ದಿನಕ್ಕಿಷ್ಟೆಂದು ಪೊಟ್ಟಣ ಕಟ್ಟಿ ಹಂಚಿಟ್ಟುಕೊಂಡು ಬದುಕಿದ.

ಕೆಲವು ತಿಂಗಳ ನಂತರ ತಂದೆ ಬಿಡುಗಡೆಯಾದರು. ಮಗನನ್ನು ಕಾರ್ಖಾನೆಯಿಂದ ಬಿಡಿಸಿ ಶಾಲೆಗೆ ಕಳಿಸಿದರು. ತಾಯಿಗೆ ಮಾತ್ರ ಅವನು ಕೆಲಸಕ್ಕೆ ಮರಳಲಿ ಎಂದಿತ್ತು. ಆ ನೋವನ್ನು ಡಿಕನ್ಸ್ ಕೊನೆಯವರೆಗೂ ಮರೆಯಲಿಲ್ಲ. ಕಾರ್ಖಾನೆಯ ವಿಷಯವನ್ನು ಗೆಳೆಯ ಜಾನ್ ಫಾರ್‌ಸ್ಟರ್ ಅವರ ಬಳಿ ಹೇಳಿಕೊಂಡರೇ ಹೊರತು ಲೋಕಕ್ಕೆ ಅದು ತಿಳಿದದ್ದು ಅವರು ಸತ್ತ ಮೇಲೆ, ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಿಂದ.

ಆಮೇಲಿನ ಶಾಲೆಯೂ ದೊಡ್ಡದೇನಲ್ಲ. ಮುಖ್ಯೋಪಾಧ್ಯಾಯರಿಗೆ ಬೆತ್ತವೇ ಬೋಧನೋಪಕರಣ. ಹದಿನೈದನೆಯ ವಯಸ್ಸಿಗೆ ಓದು ಮುಗಿದು ವಕೀಲರ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಅಲ್ಲಿಂದ ಶೀಘ್ರಲಿಪಿ ಕಲಿತು ಪಾರ್ಲಿಮೆಂಟಿನ ವರದಿಗಾರರಾದರು. ರಾತ್ರಿಯ ಹೊತ್ತು ಓಡುವ ಕುದುರೆಗಾಡಿಯಲ್ಲಿ, ಲಾಂದ್ರದ ಬೆಳಕಿನಲ್ಲಿ, ಅಂಗೈಯ ಮೇಲೆ ಕಾಗದವಿಟ್ಟು ವರದಿ ಬರೆದು, ಮುದ್ರಣದ ಹೊತ್ತಿಗೆ ಮುಟ್ಟಿಸುತ್ತಿದ್ದರು. ಹೇಳಿದ ಗಳಿಗೆಗೆ ಹೇಳಿದಷ್ಟು ಬರೆದುಕೊಡುವ ಅಭ್ಯಾಸ ಬಂದದ್ದು ಈ ಕೆಲಸದಿಂದ. ಕಾವ್ಯಸ್ಫೂರ್ತಿಗೆ ಕಾಯುವ ಪುರುಸೊತ್ತು ಆ ವೃತ್ತಿಯಲ್ಲಿ ಇರಲಿಲ್ಲ.

ಯೋಜನೆಯಿಲ್ಲದೆ ಗೆದ್ದ ಕಥೆ

1836ರಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರಿಗೆ ಚಿತ್ರಮಾಲೆಯೊಂದು ಬೇಕಿತ್ತು. ರಾಬರ್ಟ್ ಸೀಮೋರ್ ಎಂಬ ಹೆಸರಾಂತ ಕಲಾವಿದರ ಹಾಸ್ಯಚಿತ್ರಗಳಿಗೆ ತಿಂಗಳು ತಿಂಗಳು ಒಂದಿಷ್ಟು ಬರಹ ಒದಗಿಸುವ ಕೆಲಸಕ್ಕೆ ಇಪ್ಪತ್ತನಾಲ್ಕರ ಡಿಕನ್ಸರನ್ನು ಕರೆದರು. ಚಿತ್ರಕ್ಕೆ ಕಥೆಯಲ್ಲ, ಕಥೆಗೆ ಚಿತ್ರ ಎಂದು ಡಿಕನ್ಸ್ ಪಟ್ಟು ಹಿಡಿದರು. ಎರಡನೆಯ ಕಂತು ಹೊರಬರುವ ಮೊದಲೇ ಸೀಮೋರ್ ಆತ್ಮಹತ್ಯೆ ಮಾಡಿಕೊಂಡರು. ಅವರ ಜಾಗಕ್ಕೆ ಬಂದವರ ಚಿತ್ರ ಹಿಡಿಸಲಿಲ್ಲ. ಮೂರನೆಯವರಾಗಿ ಬಂದ ಹಾಬ್ಲೋ ಬ್ರೌನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಜೊತೆಗಿದ್ದರು. ಆರಂಭದ ಕಂತುಗಳು ಕೆಲವು ನೂರು ಪ್ರತಿ ಮಾತ್ರ ಹೋದವು. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಬೂಟು ಒರೆಸುವ ಆಳು ಪ್ರವೇಶಿಸಿದ. ಓದುಗರು ಅವನನ್ನು ಮೆಚ್ಚಿಕೊಂಡರು. ಡಿಕನ್ಸ್ ಅದನ್ನು ಗಮನಿಸಿ, ಅವನನ್ನು ನಾಯಕ ಪಿಕ್ವಿಕ್‌ನ ಸೇವಕನನ್ನಾಗಿ ಮಾಡಿ ಕಥೆಯ ಉದ್ದಕ್ಕೂ ಉಳಿಸಿಕೊಂಡರು. ಮುಗಿಯುವ ಹೊತ್ತಿಗೆ ‘ಪಿಕ್ವಿಕ್ ಪೇಪರ್ಸ್’ ತಿಂಗಳಿಗೆ 40,000 ಪ್ರತಿ ಮಾರಾಟವಾಗುತ್ತಿತ್ತು.

ಈ ಕಂತುಗಳ ಅಚ್ಚು ಹೇಗಿತ್ತೆಂದು ತಿಳಿದರೆ ನಮಗೆ ಉಪಯೋಗವಿದೆ. ತಿಂಗಳಿಗೊಂದು ತೆಳು ಪುಸ್ತಿಕೆ. 32 ಪುಟ, ಎರಡು ಚಿತ್ರ, ಬೆಲೆ ಒಂದು ಶಿಲಿಂಗ್. ಇಪ್ಪತ್ತು ಕಂತು, ಕೊನೆಯ ಎರಡು ಒಂದೇ ಸಂಚಿಕೆಯಲ್ಲಿ. ಪುಟ ಹೆಚ್ಚೂ ಆಗುವಂತಿಲ್ಲ, ಕಡಿಮೆಯೂ ಆಗುವಂತಿಲ್ಲ. ನಮ್ಮ ನಲವತ್ತು ನಿಮಿಷದ ಅವಧಿಯಂತೆ. ಪುಸ್ತಕ ಕೊಳ್ಳಲಾಗದವರೂ ತಿಂಗಳಿಗೊಂದು ಶಿಲಿಂಗ್ ಹೊಂದಿಸಬಲ್ಲವರಾಗಿದ್ದರು. ಅಕ್ಷರ ಬಾರದವರು ಒಂದೆಡೆ ಸೇರಿ, ಓದಬಲ್ಲ ಒಬ್ಬರಿಂದ ಓದಿಸಿ ಕೇಳುತ್ತಿದ್ದರು.

1837ರ ಮೇ ತಿಂಗಳಲ್ಲಿ ಅವರ ಮನೆಯಲ್ಲೇ ಇದ್ದ, ಹೆಂಡತಿಯ ತಂಗಿ ಮೇರಿ ಹೊಗಾರ್ತ್ ಹದಿನೇಳನೆಯ ವಯಸ್ಸಿಗೆ ಹಠಾತ್ತಾಗಿ ತೀರಿಕೊಂಡಳು. ಆಗ ಅವರು ಪಿಕ್ವಿಕ್ ಜೊತೆಗೇ ‘ಆಲಿವರ್ ಟ್ವಿಸ್ಟ್’ ಅನ್ನೂ ಬರೆಯುತ್ತಿದ್ದರು. ಎರಡರ ಜೂನ್ ಕಂತೂ ಬರಲಿಲ್ಲ. ಓದುಗರಿಗೆ ಕಾರಣ ತಿಳಿಸಿದರು, ಒಂದು ತಿಂಗಳು ನಿಂತರು, ಮತ್ತೆ ಬರೆದರು. ಪ್ರಶಿಕ್ಷಣಾರ್ಥಿಗೆ ಇದನ್ನು ಹೇಳುವಾಗ ನಾನು ಒಂದು ಕ್ಷಣ ಸುಮ್ಮನಾದೆ. ನಿಲ್ಲಿಸುವುದು ನನ್ನ ತಪ್ಪಾಗಿರಲಿಲ್ಲ. ಮಕ್ಕಳಿಗೆ ಹೇಳದೆ ನಿಲ್ಲಿಸಿದ್ದು ತಪ್ಪಾಗಿತ್ತು.

ಓದುಗರು ಎದ್ದು ಹೋದಾಗ

ಮುಂದಿನ ‘ನಿಕೊಲಸ್ ನಿಕಲ್ಬಿ’ ಶಿಕ್ಷಕರಾದ ನಮಗೆ ನೇರವಾಗಿ ಸಂಬಂಧಿಸಿದ್ದು. ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ, ಮನೆಗೆ ಬೇಡವಾದ ಹುಡುಗರನ್ನು ಅಗ್ಗದ ಶುಲ್ಕಕ್ಕೆ ಇಟ್ಟುಕೊಂಡು ರಜೆಯನ್ನೂ ಕೊಡದ ವಸತಿ ಶಾಲೆಗಳಿದ್ದವು. 1838ರ ಆರಂಭದಲ್ಲಿ ಡಿಕನ್ಸ್ ಮತ್ತು ಬ್ರೌನ್ ಚಳಿಗಾಲದ ಹಿಮದಲ್ಲಿ, ಹೆಸರು ಮರೆಸಿಕೊಂಡು ಅಲ್ಲಿಗೆ ಹೋಗಿ ನೋಡಿ ಬಂದರು. ಚರ್ಚಿನ ಅಂಗಳದಲ್ಲಿ ಹುಡುಗರ ಸಮಾಧಿಗಳನ್ನು ಕಂಡರು. ಕಾದಂಬರಿಯ ಕಂತುಗಳು ಬರುತ್ತಿದ್ದಂತೆ ಅಂಥ ಶಾಲೆಗಳ ಹೆಸರು ಕೆಟ್ಟಿತು. ಹತ್ತು ವರ್ಷದಲ್ಲಿ ಅವು ಬಹುಮಟ್ಟಿಗೆ ಇಲ್ಲವಾದವು. ಕಥೆ ಬರೆಯುವ ಮೊದಲು ಸ್ಥಳಕ್ಕೆ ಹೋಗಿ ನೋಡುವುದು ಅವರ ಯೋಜನೆಯ ಮೊದಲ ಹೆಜ್ಜೆಯಾಗಿತ್ತು.

1840ರಲ್ಲಿ ಅವರು ಒಂದು ವಾರಪತ್ರಿಕೆ ಆರಂಭಿಸಿದರು. ಹಳೆಯ ಗಡಿಯಾರದ ಪೆಟ್ಟಿಗೆಯಲ್ಲಿಟ್ಟ ಹಸ್ತಪ್ರತಿಗಳನ್ನು ಗೆಳೆಯರು ಓದಿಕೊಳ್ಳುವ ಚೌಕಟ್ಟಿನ ಬಿಡಿ ಬರಹಗಳು. ಮೊದಲ ಸಂಚಿಕೆ 70,000 ಪ್ರತಿ ಹೋಯಿತು. ಉದ್ದದ ಕಥೆ ಇಲ್ಲವೆಂದು ತಿಳಿಯುತ್ತಲೇ ಓದುಗರು ಬಿಟ್ಟು ಹೋದರು. ಡಿಕನ್ಸ್ ಓದುಗರನ್ನು ದೂರುತ್ತ ಕೂರಲಿಲ್ಲ. ಚಿಕ್ಕದಾಗಿ ಆರಂಭಿಸಿದ್ದ ಅಜ್ಜ ಮತ್ತು ಮೊಮ್ಮಗಳ ಕಥೆಯೊಂದನ್ನು ಹಿಗ್ಗಿಸಿದರು. ಅದೇ ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’. ಮೊಮ್ಮಗಳು ನೆಲ್ ಸಾಯುತ್ತಾಳೇನೋ ಎಂಬ ಅನುಮಾನ ಬಂದಾಗ, ಅವಳನ್ನು ಉಳಿಸಬೇಕೆಂದು ಪತ್ರಗಳ ರಾಶಿ ಬಂತು. ಮಾರಾಟ ಲಕ್ಷ ಮುಟ್ಟಿತು. ಆದರೂ ಅವರು ನೆಲ್‌ಳನ್ನು ಉಳಿಸಲಿಲ್ಲ. ಬರೆಯುವಾಗ ಮೇರಿಯ ನೆನಪಿನಿಂದ ಸ್ವತಃ ನರಳಿದರು, ಆದರೆ ಕಥೆ ಹೋಗಬೇಕಾದ ಕಡೆಗೇ ಹೋಯಿತು.

ಇಲ್ಲಿ ಪ್ರಶಿಕ್ಷಣಾರ್ಥಿ ನನ್ನನ್ನು ತಡೆದು ಕೇಳಿದರು: ಸ್ಯಾಮ್ ವಿಷಯದಲ್ಲಿ ಓದುಗರ ಮಾತು ಕೇಳಿದವರು ನೆಲ್ ವಿಷಯದಲ್ಲಿ ಏಕೆ ಕೇಳಲಿಲ್ಲ? ಒಳ್ಳೆಯ ಪ್ರಶ್ನೆ. ಉತ್ತರ ಅವರ ಮುಂದಿನ ಸೋಲಿನಲ್ಲಿದೆ. 1843ರಲ್ಲಿ ಆರಂಭವಾದ ‘ಮಾರ್ಟಿನ್ ಚಝಲ್‌ವಿಟ್’ 20,000 ಪ್ರತಿಯ ಸುತ್ತಮುತ್ತ ನಿಂತುಬಿಟ್ಟಿತು. ಗಾಬರಿಯಾದ ಡಿಕನ್ಸ್ ನಾಯಕನನ್ನು ಇದ್ದಕ್ಕಿದ್ದಂತೆ ಅಮೆರಿಕಕ್ಕೆ ಕಳಿಸಿದರು. ಹಿಂದಿನ ವರ್ಷವಷ್ಟೇ ತಾವು ಹೋಗಿ ಬಂದಿದ್ದ ದೇಶವದು. ಸಿಕ್ಕಿದ್ದು ಎರಡು ಮೂರು ಸಾವಿರ ಹೆಚ್ಚಿನ ಓದುಗರು ಮಾತ್ರ. ಸ್ಯಾಮ್‌ನನ್ನು ಬೆಳೆಸಿದಾಗ ಓದುಗರ ಇಷ್ಟ ಕಥೆಗೆ ಹೊಂದಿತ್ತು. ಮಾರ್ಟಿನ್‌ನನ್ನು ಹಡಗು ಹತ್ತಿಸಿದಾಗ ಭಯ ಕಥೆಯನ್ನು ತಳ್ಳಿತ್ತು. ಅದೇ ವರ್ಷದ ಕೊನೆಗೆ, ಈ ಕಾದಂಬರಿಯ ಕಂತುಗಳ ನಡುವೆಯೇ, ಸುಮಾರು ಆರು ವಾರದಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಬರೆದು ಮುಗಿಸಿದರು. ದೊಡ್ಡ ಕಥೆ ಭಾರವಾದಾಗ ಚಿಕ್ಕದೊಂದನ್ನು ಪೂರ್ಣಗೊಳಿಸಿದ್ದು ಅವರನ್ನು ನಿಲ್ಲಿಸಲಿಲ್ಲ, ಬದಲಿಗೆ ನಡೆಸಿತು.

ಮಡಿಸಿದ ಹಾಳೆ

ಈ ಪೆಟ್ಟಿನ ನಂತರ, 1846ರ ‘ಡಾಂಬಿ ಅಂಡ್ ಸನ್’ನಿಂದ, ಅವರ ಕೆಲಸದ ಕ್ರಮ ಬದಲಾಯಿತು. ನಾನು ಪ್ರಶಿಕ್ಷಣಾರ್ಥಿಗೆ ಹೆಚ್ಚು ಹೊತ್ತು ವಿವರಿಸಿದ್ದು ಇದನ್ನೇ. ಪ್ರತಿ ಕಂತಿಗೂ ಒಂದು ಹಾಳೆ. ಅದನ್ನು ಎರಡು ಭಾಗ ಮಾಡಿಕೊಳ್ಳುವುದು. ಬಲಭಾಗದಲ್ಲಿ ಆ ಕಂತಿನ ಅಧ್ಯಾಯಗಳು, ಅವುಗಳ ಹೆಸರು, ಅಲ್ಲಿ ನಡೆಯುವ ಮುಖ್ಯ ಸಂಗತಿಗಳು. ಎಡಭಾಗದಲ್ಲಿ ತಮಗೆ ತಾವೇ ಹಾಕಿಕೊಂಡ ಪ್ರಶ್ನೆಗಳು: ಈ ಪಾತ್ರ ಈ ಸಲ ಬರಬೇಕೇ, ಆ ಗುಟ್ಟು ಈಗ ಬಿಚ್ಚಬೇಕೇ, ಇವನನ್ನು ಸಾಯಿಸುವುದೇ. ಪಕ್ಕದಲ್ಲೇ ಆಮೇಲೆ ಬರೆದ ಚುಟುಕು ಉತ್ತರಗಳು: ಹೌದು, ಇಲ್ಲ, ಈಗಲೇ ಬೇಡ, ಮುಂದಿನ ಕಂತಿಗೆ ಇರಲಿ. ಈ ಹಾಳೆಗಳಲ್ಲಿ ಬಹುಪಾಲು ಫಾರ್‌ಸ್ಟರ್ ಮೂಲಕ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿ ಇಂದಿಗೂ ಉಳಿದಿವೆ.

ಗಮನಿಸಬೇಕಾದದ್ದು ಅವರು ಎಲ್ಲವನ್ನೂ ಮೊದಲೇ ನಿರ್ಧರಿಸಲಿಲ್ಲ ಎಂಬುದು. ಕಥೆಯ ಗುರಿ ಗೊತ್ತಿತ್ತು, ದಾರಿ ತೆರೆದಿತ್ತು. ಡಾಂಬಿಯ ಮಗ ಪುಟ್ಟ ಪಾಲ್ ಐದನೆಯ ಕಂತಿನ ಕೊನೆಗೆ ಸಾಯುವುದು ಯೋಜನೆಯಲ್ಲಿ ಮೊದಲೇ ಇತ್ತು. ವಾಲ್ಟರ್ ಎಂಬ ತರುಣ ನಿಧಾನವಾಗಿ ಕೆಡುತ್ತ ಹೋಗಬೇಕೆಂದೂ ಇತ್ತು. ಬರೆಯುತ್ತ ಹೋದಂತೆ ಅದು ಸರಿಯಲ್ಲ ಅನ್ನಿಸಿ ಅವನನ್ನು ಒಳ್ಳೆಯವನಾಗಿಯೇ ಉಳಿಸಿದರು. ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ ನಾಯಕನ ಎಳೆಯ ಹೆಂಡತಿ ಡೋರಾ ಬದುಕಬೇಕೋ ಸಾಯಬೇಕೋ ಎಂದು, ಕಥೆ ಮುಗಿಯಲು ಆರೇಳು ತಿಂಗಳಿರುವಾಗಲೂ ಅವರು ತೀರ್ಮಾನಿಸಿರಲಿಲ್ಲ. ತೀರ್ಮಾನವಾಗದ್ದನ್ನು ಹಾಳೆಯ ಎಡಭಾಗದಲ್ಲಿ ಪ್ರಶ್ನೆಯಾಗಿ ಬರೆದಿಟ್ಟರೆ ಅದು ತಲೆಯನ್ನು ತಿನ್ನುವುದಿಲ್ಲ. ನನ್ನ ದೋಣಿ ಹುಡುಗನ ಕಥೆಗೆ ಇಂಥ ಎಡಭಾಗವೇ ಇರಲಿಲ್ಲ. ಅಷ್ಟೇ ಅಲ್ಲ, ತಂದೆ ಎಲ್ಲಿದ್ದಾರೆಂದು ನನಗೇ ಗೊತ್ತಿರಲಿಲ್ಲ.

ಕಥೆಯಿಂದ ನೋವಾದವರು

ಮಕ್ಕಳು ಪಾಲ್ಗೊಳ್ಳುವ ಕಥೆಯಲ್ಲಿ ಇನ್ನೊಂದು ಅಪಾಯವಿದೆ. ಕೇಳುವವರಲ್ಲಿ ಒಬ್ಬರಿಗೆ ಕಥೆ ಚುಚ್ಚಬಹುದು. ಡೇವಿಡ್ ಕಾಪರ್‌ಫೀಲ್ಡ್‌ನ 1849ರ ಡಿಸೆಂಬರ್ ಕಂತಿನಲ್ಲಿ ಮಿಸ್ ಮೌಚರ್ ಎಂಬ ಕುಳ್ಳ ದೇಹದ ಹೆಂಗಸು ಬರುತ್ತಾಳೆ. ಅವಳು ಮುಂದೆ ಕೆಟ್ಟ ಕೆಲಸಕ್ಕೆ ನೆರವಾಗಬೇಕಿತ್ತು. ಡಿಕನ್ಸರ ನೆರೆಯಲ್ಲಿದ್ದ, ಪಾದಚಿಕಿತ್ಸೆ ಮಾಡಿ ಜೀವಿಸುತ್ತಿದ್ದ ಮಹಿಳೆಯೊಬ್ಬರು ತಮ್ಮ ದೇಹವನ್ನೇ ಚಿತ್ರಿಸಲಾಗಿದೆ ಎಂದು ಗುರುತಿಸಿ, ನೊಂದು ಪತ್ರ ಬರೆದರು. ಡಿಕನ್ಸ್ ಭಾಗಶಃ ತಪ್ಪೊಪ್ಪಿಕೊಂಡರು. ಮುಂದಿನ ವರ್ಷದ ಮಾರ್ಚ್ ಕಂತಿನಲ್ಲಿ ಅದೇ ಪಾತ್ರ ಸಹಾನುಭೂತಿಯುಳ್ಳ, ಪ್ರಾಮಾಣಿಕ ಹೆಂಗಸಾಗಿ ಮರಳಿ ಬಂತು. ಕಲೆಯ ದೃಷ್ಟಿಯಿಂದ ಆ ಬದಲಾವಣೆ ತುಸು ತೇಪೆಯಂತೆ ಕಾಣುತ್ತದೆ ಎಂದು ಒಪ್ಪಬೇಕು. ಆದರೆ ಒಬ್ಬ ಮನುಷ್ಯಳ ಮಾನದ ಮುಂದೆ ಅವರು ತೇಪೆಯನ್ನೇ ಆರಿಸಿಕೊಂಡರು.

ಆಲಿವರ್ ಟ್ವಿಸ್ಟ್‌ನ ಖಳ ಫೇಗಿನ್‌ನನ್ನು ಕಂಡಕಂಡಲ್ಲಿ ಅವನ ಯೆಹೂದಿ ಜನಾಂಗದ ಹೆಸರಿನಿಂದಲೇ ಕರೆದದ್ದರ ಬಗ್ಗೆ 1863ರಲ್ಲಿ ಎಲೈಝಾ ಡೇವಿಸ್ ಎಂಬ ಯೆಹೂದಿ ಮಹಿಳೆ ಆಕ್ಷೇಪಿಸಿದರು. ಮೊದಲು ಸಮರ್ಥಿಸಿಕೊಂಡ ಡಿಕನ್ಸ್, ಮುಂದಿನ ‘ಅವರ್ ಮ್ಯೂಚುವಲ್ ಫ್ರೆಂಡ್’ನಲ್ಲಿ ರಾಯಾ ಎಂಬ ಸಜ್ಜನ ಯೆಹೂದಿ ಪಾತ್ರವನ್ನು ತಂದರು. 1867ರ ಮರುಮುದ್ರಣದಲ್ಲಿ ಆಲಿವರ್ ಟ್ವಿಸ್ಟ್‌ನ ನಂತರದ ಭಾಗಗಳಿಂದ ಆ ಉಲ್ಲೇಖಗಳನ್ನು ಬಹಳಷ್ಟು ತೆಗೆದುಹಾಕಿದರು. ತರಗತಿಯಲ್ಲಿ ಕುಂಟುವ ಮಗುವಿರುವಾಗ ಖಳನನ್ನು ಕುಂಟನನ್ನಾಗಿ ಮಾಡಿ ನಗಿಸಿದ ಪಾಠವೊಂದನ್ನು ನಾನು ವೀಕ್ಷಿಸಿದ್ದೇನೆ. ಇದನ್ನು ಓದುವ ಪ್ರಶಿಕ್ಷಣಾರ್ಥಿಗಳು ಆ ಎರಡು ತಿದ್ದುಪಡಿಗಳನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮನ್ನೇ ಕುಟುಕಿದ ಕಾದಂಬರಿ

1854ರ ‘ಹಾರ್ಡ್ ಟೈಮ್ಸ್’ ತರಬೇತಿ ಸಂಸ್ಥೆಗಳಲ್ಲಿರುವ ನಾವೆಲ್ಲ ಓದಲೇಬೇಕಾದದ್ದು. ಅದರ ಮೊದಲ ದೃಶ್ಯವೇ ಒಂದು ತರಗತಿ. ಅಲ್ಲಿ ಮಾಹಿತಿಯ ಹೊರತು ಬೇರೇನಕ್ಕೂ ಪ್ರವೇಶವಿಲ್ಲ. ಸರ್ಕಸ್ಸಿನ ಕುದುರೆ ಸವಾರನ ಮಗಳು ಸಿಸ್ಸಿ, ಕುದುರೆಗಳ ನಡುವೆಯೇ ಬೆಳೆದವಳು, ಕುದುರೆಯ ವ್ಯಾಖ್ಯೆ ಹೇಳಲಾರದೆ ನಿಲ್ಲುತ್ತಾಳೆ. ಹಲ್ಲೆಷ್ಟು ಕಾಲೆಷ್ಟು ಎಂದು ಪಟಪಟನೆ ಒಪ್ಪಿಸಿದ ಹುಡುಗ ಜಾಣನೆನಿಸಿಕೊಳ್ಳುತ್ತಾನೆ. ಅಲ್ಲಿಯ ಉಪಾಧ್ಯಾಯ ಆಗ ತಾನೇ ತರಬೇತಿ ಮುಗಿಸಿ ಬಂದವನು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನೂರಾರು ಜನರಲ್ಲಿ ಒಬ್ಬ. ಸಕಲ ವಿಷಯಗಳನ್ನೂ ಕಲಿತಿದ್ದಾನೆ, ಸ್ವಲ್ಪ ಕಡಿಮೆ ಕಲಿತಿದ್ದರೆ ಚೆನ್ನಾಗಿ ಕಲಿಸುತ್ತಿದ್ದನೇನೋ ಎಂಬ ಧಾಟಿಯಲ್ಲಿ ಡಿಕನ್ಸ್ ಅವನನ್ನು ಹಾಸ್ಯ ಮಾಡುತ್ತಾರೆ. ಕಥೆಗೆ ತರಗತಿಯಲ್ಲಿ ಜಾಗ ಬೇಕು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ.

ಇದನ್ನು ಬರೆದದ್ದು ತಮ್ಮದೇ ವಾರಪತ್ರಿಕೆಗೆ. ತಿಂಗಳಿಗೆ 32 ಪುಟದ ವಿಸ್ತಾರಕ್ಕೆ ಒಗ್ಗಿದ್ದವರಿಗೆ ವಾರದ ನಾಲ್ಕಾರು ಪುಟ ಉಸಿರು ಕಟ್ಟಿಸಿತು. ಆ ಇಕ್ಕಟ್ಟನ್ನು ಗೆಳೆಯರ ಬಳಿ ಹೇಳಿಕೊಂಡು ಒದ್ದಾಡಿದರು. ಆದರೂ ಏಪ್ರಿಲ್‌ನಲ್ಲಿ ಹಿಡಿದ ಕಥೆಯನ್ನು ಆಗಸ್ಟ್‌ನಲ್ಲಿ ಮುಗಿಸಿದರು. 1860ರಲ್ಲಿ ಅವರ ಇನ್ನೊಂದು ವಾರಪತ್ರಿಕೆಯಲ್ಲಿ ಬೇರೊಬ್ಬ ಲೇಖಕರ ಧಾರಾವಾಹಿ ಹಿಡಿಸದೆ ಮಾರಾಟ ಬಿದ್ದಾಗ, ತಿಂಗಳ ಕಂತುಗಳಿಗೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಅನ್ನು ವಾರದ ಅಳತೆಗೆ ಕತ್ತರಿಸಿ ತಾವೇ ಮುಂದೆ ಬಂದರು. ಅದರ ಕೊನೆಯನ್ನು ಬರೆದು ಅಚ್ಚಿಗೆ ಕೊಟ್ಟ ಮೇಲೂ, ಲೇಖಕ ಗೆಳೆಯ ಬುಲ್ವರ್ ಲಿಟನ್ ಅವರ ಸಲಹೆಯಂತೆ ಬದಲಿಸಿದರು. ಮೊದಲಿನದೇ ಚೆನ್ನಾಗಿತ್ತೆಂದು ಇಂದಿಗೂ ವಾದಿಸುವವರಿದ್ದಾರೆ.

ದಿನಚರಿ ಮತ್ತು ಅದರ ಬೆಲೆ

ಉತ್ಸಾಹ ಕುಂದದಂತೆ ಅವರು ಏನು ಮಾಡುತ್ತಿದ್ದರು? ಬೆಳಗ್ಗೆ ಸುಮಾರು ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಬರವಣಿಗೆಯ ಕೋಣೆ. ಮೇಜಿನ ಮೇಲೆ ಅದೇ ಚಿಕ್ಕ ಚಿಕ್ಕ ಬೊಂಬೆಗಳು ಅದೇ ಜಾಗದಲ್ಲಿ. ಬರೆಯಲಾಗದ ದಿನವೂ ಆ ಹೊತ್ತು ಅಲ್ಲೇ ಕೂರುವುದು. ಆಮೇಲೆ ಹತ್ತು, ಹನ್ನೆರಡು ಮೈಲಿ ನಡಿಗೆ. ಡಾಂಬಿಯನ್ನು ಸ್ವಿಟ್ಸರ್‌ಲೆಂಡಿನ ಲೊಸಾನ್‌ನಲ್ಲಿ ಆರಂಭಿಸಿದಾಗ ರಾತ್ರಿ ಅಲೆಯಲು ಲಂಡನ್ನಿನ ಬೀದಿಗಳಿಲ್ಲದೆ ಬರವಣಿಗೆ ಸಾಗದೆ ಕಂಗಾಲಾದರು. ತನಗೆ ಯಾವುದು ಇಂಧನ ಎಂಬುದು ಅವರಿಗೆ ಆಗ ತಿಳಿಯಿತು. ಮಗಳು ಮೇಮಿ ಕಾಯಿಲೆಯಿಂದ ಎದ್ದು ಅವರ ಕೋಣೆಯಲ್ಲಿ ಮಲಗಿದ್ದಾಗ ಕಂಡದ್ದನ್ನು ಬರೆದಿದ್ದಾಳೆ: ತಂದೆ ಬರೆಯುತ್ತ ಬರೆಯುತ್ತ ಎದ್ದು ಕನ್ನಡಿಯತ್ತ ಓಡಿ, ಮುಖವನ್ನು ನಾನಾ ರೀತಿ ತಿರುಚಿ, ಪಾತ್ರದಂತೆ ಮಾತಾಡಿ, ಮತ್ತೆ ಓಡಿಬಂದು ಬರೆಯುತ್ತಿದ್ದರಂತೆ. ಮಾಳಿಗೆಯ ಹುಡುಗ ಎಲ್ಲಿಗೂ ಹೋಗಿರಲಿಲ್ಲ.

ಈ ದುಡಿಮೆಯನ್ನು ಬರೀ ಆದರ್ಶವೆಂದು ಹೇಳಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಹತ್ತು ಮಕ್ಕಳ ತಾಯಿಯಾದ ಹೆಂಡತಿ ಕ್ಯಾಥರಿನ್‌ಳನ್ನು 1858ರಲ್ಲಿ ಅವರು ಮನೆಯಿಂದ ಬೇರೆ ಮಾಡಿದರು. ಅದನ್ನು ಪತ್ರಿಕೆಯಲ್ಲಿ ಸಾರ್ವಜನಿಕವಾಗಿ ಸಮರ್ಥಿಸಿಕೊಂಡ ರೀತಿ ಯಾರಿಗೂ ಶೋಭೆ ತರುವಂಥದ್ದಲ್ಲ. ಅದೇ ವರ್ಷದಿಂದ ತಮ್ಮ ಕೃತಿಗಳ ಸಾರ್ವಜನಿಕ ವಾಚನಕ್ಕೆ ಊರೂರು ಸುತ್ತಿದರು. ಜನರ ನಗು, ಅಳು ಕಣ್ಣೆದುರೇ ಕಾಣುವ ಸುಖಕ್ಕೆ ದೇಹವನ್ನು ತೆತ್ತರು. 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಬಳಿ ಅವರಿದ್ದ ರೈಲು ಸೇತುವೆಯಲ್ಲಿ ಹಳಿ ತಪ್ಪಿತು. ಹತ್ತು ಜನ ಸತ್ತರು. ಗಾಯಾಳುಗಳಿಗೆ ನೀರು ಕುಡಿಸಿ ಆರೈಕೆ ಮಾಡಿದ ಮೇಲೆ, ಒಳಗೆ ಬಿಟ್ಟಿದ್ದ ಕಂತಿನ ಹಸ್ತಪ್ರತಿ ನೆನಪಾಗಿ, ತೂಗಾಡುತ್ತಿದ್ದ ಡಬ್ಬಿಗೆ ಮತ್ತೆ ಹತ್ತಿ ಅದನ್ನು ತಂದರು. ಆಮೇಲೆ ರೈಲು ಪ್ರಯಾಣವೆಂದರೆ ನಡುಗುತ್ತಿದ್ದರು. 1869ರಲ್ಲಿ ವೈದ್ಯರು ವಾಚನ ಪ್ರವಾಸವನ್ನು ಅರ್ಧದಲ್ಲಿ ನಿಲ್ಲಿಸಿದರು.

ಕೊನೆಯ ಕಾದಂಬರಿ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’. ಹನ್ನೆರಡು ಕಂತುಗಳ ಯೋಜನೆ. 1870ರ ಜೂನ್ 8ರಂದು ಗ್ಯಾಡ್ಸ್ ಹಿಲ್‌ನ ಮನೆಯ ಎದುರಿನ ಮರದ ಪುಟ್ಟ ಮನೆಯಲ್ಲಿ ಕೂತು ಅಭ್ಯಾಸ ಮೀರಿ ಮಧ್ಯಾಹ್ನವೂ ಬರೆದರು. ಸಂಜೆ ಊಟದ ಮೇಜಿನಲ್ಲಿ ಕುಸಿದರು. ಮರುದಿನ ತೀರಿಕೊಂಡರು, ರೈಲು ಅಪಘಾತಕ್ಕೆ ಸರಿಯಾಗಿ ಐದು ವರ್ಷ. ವಯಸ್ಸು 58. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡಿದರು. ಆರು ಕಂತು ಉಳಿದಿತ್ತು, ಇನ್ನಾರು ಬರಲಿಲ್ಲ. ಡ್ರೂಡ್‌ಗೆ ಏನಾಯಿತೆಂದು ಓದುಗರು ಇಂದಿಗೂ ತಾವೇ ಕೊನೆ ಬರೆಯುತ್ತಿದ್ದಾರೆ.

ನಮ್ಮ ತರಗತಿಗೆ ಮರಳಿ

ಎರಡನೆಯ ಸಂಜೆ ಪ್ರಶಿಕ್ಷಣಾರ್ಥಿ ಒಂದು ಬಿಳಿಹಾಳೆಯನ್ನು ಮಡಿಸಿ ಎಡಬಲ ಮಾಡಿದರು. ಮಕ್ಕಳ ನಾಲ್ಕು ತೀರ್ಮಾನಗಳನ್ನು ಬರೆದು ನೋಡಿದಾಗ, ಎರಡು ಮಾತ್ರ ಕಥೆಯನ್ನು ನಿಜವಾಗಿ ಕಟ್ಟಿಹಾಕಿದ್ದವು. ಉಳಿದೆರಡು ಬೇರೆ ಬೇರೆ ದಾರಿಯಿಂದ ಒಂದೇ ಸ್ಥಳಕ್ಕೆ ಬರುವಂತಿದ್ದವು. ಉಳಿದ ನಾಲ್ಕು ಅವಧಿಗಳಿಗೆ ನಾಲ್ಕು ಹಾಳೆ ಮಾಡಿದೆವು. ಕಥೆಯ ಕೊನೆಯ ಸ್ಥಳ ಬಲಭಾಗದಲ್ಲಿ ಖಚಿತವಾಗಿ ಕೂತಿತು. ಅಲ್ಲಿಗೆ ಯಾರು ತಲುಪುತ್ತಾರೆ ಎಂಬುದು ಎಡಭಾಗದಲ್ಲಿ ಪ್ರಶ್ನೆಯಾಗಿ ಉಳಿಯಿತು. ಮಕ್ಕಳ ಆಯ್ಕೆಯನ್ನು ಒಂದು ಅವಧಿಗೆ ಒಂದಕ್ಕೆ ಮಿತಿಗೊಳಿಸಿದೆವು. ಕಥೆ ಬರೆಯಲು ದಿನವೂ ಸಂಜೆ ಆರರಿಂದ ಅರ್ಧ ಗಂಟೆ, ಬಂದರೂ ಬಾರದಿದ್ದರೂ ಕೂರುವುದು ಎಂದು ಅವರೇ ನಿಯಮ ಹಾಕಿಕೊಂಡರು. ಮಧ್ಯೆ ಒಂದು ದಿನ ಅವರಿಗೆ ಜ್ವರ ಬಂದಾಗ, ಕಥೆ ಸೋಮವಾರ ಮುಂದುವರಿಯುತ್ತದೆ ಎಂದು ಸಹಪಾಠಿಯ ಮೂಲಕ ತರಗತಿಗೆ ಚೀಟಿ ಕಳಿಸಿದರು.

ಎಂಟನೆಯ ಅವಧಿಯನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಿಸಿದೆ. ಕಪ್ಪುಹಲಗೆಯ ಬಳಕೆ ಸಾಲದು, ಸಮಯ ಐದು ನಿಮಿಷ ಮೀರಿತು ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆಯಬೇಕಾಯಿತು, ಬರೆದೆ. ಕಥೆ ಮುಗಿಯಿತು ಎಂದೂ ಬರೆದೆ. ಆ ಅಂಕಣಕ್ಕೆ ನಮ್ಮ ನಮೂನೆಯಲ್ಲಿ ಅಂಕವಿಲ್ಲ.

ಆ ರಾತ್ರಿ ಮನೆಯಲ್ಲಿ ನಾನೂ ಒಂದು ಹಾಳೆ ಮಡಿಸಿ, ಬಲಭಾಗದ ಮೇಲೆ ದೋಣಿ ಹುಡುಗನ ತಂದೆ ಎಲ್ಲಿದ್ದಾರೆಂದು ಬರೆದೆ. ಕೇಳಿದ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಮುಂದಿನ ಬೋಧನಾಭ್ಯಾಸದ ಆರು ಪ್ರಾತ್ಯಕ್ಷಿಕೆ ಪಾಠಗಳಲ್ಲಿ ಆ ಕಥೆಯನ್ನು ಮೊದಲಿನಿಂದ ಹೇಳಿ ಮುಗಿಸಲಿದ್ದೇನೆ. ಎಡಭಾಗ ಸದ್ಯಕ್ಕೆ ಖಾಲಿಯಿದೆ. ಅದನ್ನು ತುಂಬಲು ಆ ತರಗತಿಯ ಮಕ್ಕಳು ಬರುತ್ತಾರೆ.